ಗಾಜಿನ ಮನೆಯಲ್ಲಿ ಎಷ್ಟು ಜನ?



ನಿಮ್ಮಲ್ಲಿ ಕೆಲವರ ಮನೆಯ ಕಥೆ ಹೀಗಿರಬಹುದು. ನಾಯಿ ಬೇಕು ಅಂದಿರಿ. ಚಳಿಯಲ್ಲಿ ಅದನ್ನು ವಾಕಿಂಗ್ ಕರೆದುಕೊಂಡು ಹೋಗೋದು ಯಾರು ಅಂತ ಅಪ್ಪ ಕೇಳಿದರು. ಬೆಕ್ಕು ಅಂದಿರಿ. ಸೋಫಾ ತುಂಬ ಕೂದಲು ಅಂತ ಅಮ್ಮ ಬೇಡವೆಂದರು. ವರ್ಷವಿಡೀ ಕಾಡಿ ಬೇಡಿ ಕೊನೆಗೆ ಒಂದು ಬಿಯರ್ಡೆಡ್ ಡ್ರ್ಯಾಗನ್‌ಗೆ ಒಪ್ಪಿಗೆ ಸಿಕ್ಕಿತು. "ದುಡ್ಡು ಕೊಟ್ಟು ಹಲ್ಲಿ ತರ್ತಾರೇನೋ? ನಾವಿಲ್ಲಿ ಪೊರಕೆ ಹಿಡ್ಕೊಂಡು ಓಡಿಸ್ತೀವಿ" ಅಂತ ಅಜ್ಜಿ ಫೋನಿನಲ್ಲಿ ನಕ್ಕರು. ಅಮ್ಮ ಒಂದೇ ಷರತ್ತು ಹಾಕಿದರು: "ಒಂದು ಪೆಟ್ಟಿಗೆ. ಇನ್ನೊಂದು ಅಂತ ಕೇಳಬಾರದು."

ಆರು ತಿಂಗಳಾಯಿತು. ಹುಳು ತರಲು ಅಂಗಡಿಗೆ ಹೋದಾಗ ಅಲ್ಲೊಂದು ಕ್ರೆಸ್ಟೆಡ್ ಗೆಕ್ಕೊ ಕಂಡಿತು. ಕಣ್ಣಿನ ಮೇಲೆ ರೆಪ್ಪೆಗೂದಲಿನಂಥ ಮುಳ್ಳುಗಳು, ನಗುತ್ತಿರುವಂಥ ಬಾಯಿ. ಮನೆಯ ಪೆಟ್ಟಿಗೆ ನಾಲ್ಕಡಿ ಉದ್ದವಿದೆ, ಅರ್ಧ ಖಾಲಿಯೇ ಇದೆ. ಎರಡೂ ಹಲ್ಲಿಯ ಜಾತಿಯವೇ. ಡ್ರ್ಯಾಗನ್‌ಗೂ ಜೊತೆಯಾಗುತ್ತದೆ. ಅಮ್ಮನ ಷರತ್ತೂ ಮುರಿಯುವುದಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಇಟ್ಟರೆ ಆಗದೇ?

ಆಗುವುದಿಲ್ಲ. ಇಷ್ಟನ್ನೇ ಹೇಳಲು ಒಂದು ಸಾಲು ಸಾಕಿತ್ತು. ಆದರೆ ಯಾಕೆ ಆಗುವುದಿಲ್ಲ ಎಂದು ತಿಳಿಯದಿದ್ದರೆ ಇವತ್ತಲ್ಲ ನಾಳೆ ಆಸೆ ಮತ್ತೆ ಕಾಡುತ್ತದೆ. ಹಾಗಾಗಿ ಇವತ್ತು ಆ 'ಯಾಕೆ' ಬಗ್ಗೆ ಮಾತಾಡೋಣ.

ಮೊದಲು ಅಜ್ಜಿಯ ಮನೆಗೇ ಹೋಗೋಣ. ರಜೆಗೆ ಊರಿಗೆ ಹೋದಾಗ ನೋಡಿರುತ್ತೀರಿ. ಟ್ಯೂಬ್‌ಲೈಟಿನ ಪಕ್ಕದಲ್ಲಿ ಎರಡು ಹಲ್ಲಿ, ಮೂಲೆಯಲ್ಲಿ ಜೇಡ, ಬಚ್ಚಲಿನಲ್ಲಿ ಒಂದು ಕಪ್ಪೆ, ಹಿತ್ತಲಿನ ಬೇಲಿಯ ಮೇಲೆ ತಲೆ ಆಡಿಸುವ ಓತಿಕೇತ. ಎಲ್ಲವೂ ಒಂದೇ ಮನೆಯಲ್ಲಿವೆಯಲ್ಲ ಅನ್ನಬಹುದು. ಒಂದು ದಿನ ಸಂಜೆ ಆ ಎರಡು ಹಲ್ಲಿಗಳನ್ನು ಗಮನಿಸಿ ನೋಡಿ. ದೊಡ್ಡದು ಬೆಳಕಿನ ಹತ್ತಿರ ಬಂದ ಕೂಡಲೇ ಚಿಕ್ಕದು ಸರಸರನೆ ಕಿಟಕಿಯ ಆಚೆ ಹೋಗುತ್ತದೆ. ಅವು ಒಟ್ಟಿಗೆ ಬಾಳುತ್ತಿಲ್ಲ, ಒಂದನ್ನೊಂದು ತಪ್ಪಿಸಿಕೊಂಡು ಬಾಳುತ್ತಿವೆ. ಗೋಡೆಗೆ ಇನ್ನೊಂದು ಬದಿ ಇದೆ, ಹೆಂಚಿನ ಸಂದಿ ಇದೆ, ಬೇಲಿಯಾಚೆ ಮತ್ತೊಂದು ಬೇಲಿ ಇದೆ. ಗಾಜಿನ ಪೆಟ್ಟಿಗೆ ಕಸಿದುಕೊಳ್ಳುವುದು ಈ ಒಂದು ಸೌಕರ್ಯವನ್ನೇ. ನಾಲ್ಕಡಿ ಪೆಟ್ಟಿಗೆಯಲ್ಲಿ ನಾಲ್ಕಡಿಗಿಂತ ಆಚೆ ಓಡಲು ಜಾಗವಿಲ್ಲ. ಮುಂದೆ ಹೇಳುವ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲನೆಯ ತೊಂದರೆ ಹವೆಯದು. ನಮ್ಮ ಮೈಯೊಳಗೆ ಒಲೆ ಇದೆ. ಹೊರಗೆ ಹಿಮ ಬಿದ್ದರೂ ಒಳಗೆ 37 ಡಿಗ್ರಿ. ಸರೀಸೃಪಗಳಿಗೆ ಆ ಒಲೆ ಇಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಹೋಗಬೇಕು, ತಂಪು ಬೇಕಾದರೆ ನೆರಳಿಗೆ ಬರಬೇಕು. ತಿಂದದ್ದು ಜೀರ್ಣವಾಗುವುದು, ರೋಗದ ವಿರುದ್ಧ ಹೋರಾಡುವುದು ಎಲ್ಲವೂ ಈ ಓಡಾಟವನ್ನೇ ನಂಬಿವೆ. ಬಿಯರ್ಡೆಡ್ ಡ್ರ್ಯಾಗನ್ ನಮ್ಮ ಓತಿಕೇತದ ಬಳಗಕ್ಕೇ ಸೇರಿದ್ದು, ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಯದು. ಅದು ಬಿಸಿಲು ಕಾಯುವ ಕಲ್ಲು 40 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಗಾಳಿ ಒಣಗಿರಬೇಕು. ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲಿಡೋನಿಯಾ ದ್ವೀಪದ ಮಳೆಕಾಡಿನದು. ಅಳಿದೇ ಹೋಗಿದೆ ಎಂದುಕೊಂಡಿದ್ದ ಈ ಪ್ರಾಣಿ 1994ರಲ್ಲಿ ಮತ್ತೆ ಸಿಕ್ಕಿತು. ಅದಕ್ಕೆ 22ರಿಂದ 26 ಡಿಗ್ರಿ ಹಿತ. 28 ದಾಟಿ ಹೆಚ್ಚು ಹೊತ್ತು ಉಳಿದರೆ ಸಂಕಟ. ರಾತ್ರಿ ಎಲೆಗಳ ಮೇಲೆ ನೀರಿನ ಹನಿ ಇರಬೇಕು, ಅದನ್ನೇ ನೆಕ್ಕಿ ಕುಡಿಯುತ್ತದೆ.

ಈಗ ಒಂದೇ ಪೆಟ್ಟಿಗೆಗೆ ಯಾವ ಹವೆ ಇಡುತ್ತೀರಿ? ಡ್ರ್ಯಾಗನ್‌ಗೆ ಸರಿಹೋಗುವಂತೆ ಇಟ್ಟರೆ ಗೆಕ್ಕೊ ಒಣಗುತ್ತದೆ, ಅದರ ಪೊರೆ ಸರಿಯಾಗಿ ಕಳಚದೆ ಬೆರಳುಗಳಿಗೆ ಬಿಗಿದುಕೊಳ್ಳುತ್ತದೆ. ಗೆಕ್ಕೊಗೆ ಸರಿಹೋಗುವಂತೆ ಇಟ್ಟರೆ ಡ್ರ್ಯಾಗನ್ ತಿಂದದ್ದು ಅರಗುವುದಿಲ್ಲ, ತೇವಕ್ಕೆ ಶ್ವಾಸಕೋಶದ ಸೋಂಕು ಬರುತ್ತದೆ. ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಎರಡಕ್ಕೂ ಅರ್ಧರ್ಧ ನ್ಯಾಯವಲ್ಲ, ಎರಡಕ್ಕೂ ಅನ್ಯಾಯ.

ಬೆಳಕಿನದೂ ಇದೇ ಕಥೆ. ಸರೀಸೃಪಗಳನ್ನು ಅವು ಸಹಜವಾಗಿ ಎಷ್ಟು ನೇರಳಾತೀತ ಕಿರಣಕ್ಕೆ ಮೈಯೊಡ್ಡುತ್ತವೆ ಎಂಬುದರ ಮೇಲೆ ನಾಲ್ಕು ಗುಂಪು ಮಾಡಿದ್ದಾರೆ. ಇವಕ್ಕೆ ಫರ್ಗ್ಯುಸನ್ ವಲಯಗಳು ಎಂದು ಹೆಸರು. ಸಂಜೆ ಮತ್ತು ರಾತ್ರಿ ಓಡಾಡುವ, ನೆರಳು ಬಯಸುವ ಕ್ರೆಸ್ಟೆಡ್ ಗೆಕ್ಕೊ ಒಂದನೆಯ ವಲಯದ್ದು. ಬಿಸಿಲಲ್ಲೇ ಬದುಕುವ ಬಿಯರ್ಡೆಡ್ ಡ್ರ್ಯಾಗನ್ ಮೂರು ಮತ್ತು ನಾಲ್ಕನೆಯ ವಲಯದ್ದು. ಒಂದರ ಮೂಳೆ ಗಟ್ಟಿಯಾಗಲು ಬೇಕಾದ ಬೆಳಕು ಇನ್ನೊಂದರ ಕಣ್ಣಿಗೂ ಚರ್ಮಕ್ಕೂ ಹಾನಿ. ದಿನಚರಿಯೂ ತಲೆಕೆಳಗು. ಡ್ರ್ಯಾಗನ್ ಮಲಗಿದ ಮೇಲೆ ಗೆಕ್ಕೊ ಏಳುತ್ತದೆ. ಒಂದಕ್ಕೂ ನೆಮ್ಮದಿಯ ನಿದ್ದೆ ಇಲ್ಲ.

ಎರಡನೆಯ ತೊಂದರೆ ಜಗಳ. ಅದರಲ್ಲೂ ಕಣ್ಣಿಗೆ ಕಾಣದ ಜಗಳ. ಕಾಣುವ ಜಗಳ ಸುಲಭ. ಡ್ರ್ಯಾಗನ್ ತನ್ನ ಬಾಯಲ್ಲಿ ಹಿಡಿಸುವ ಯಾವುದನ್ನೂ ಊಟವೆಂದೇ ನೋಡುತ್ತದೆ, ಚಿಕ್ಕ ಗೆಕ್ಕೊವನ್ನೂ. ಗಾಬರಿಯಾದ ಗೆಕ್ಕೊ ಬಾಲ ಕಳಚಿ ಓಡುತ್ತದೆ. ಅಜ್ಜಿಯ ಮನೆಯ ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ. ಕ್ರೆಸ್ಟೆಡ್ ಗೆಕ್ಕೊಗೆ ಬೆಳೆಯುವುದಿಲ್ಲ. ಒಮ್ಮೆ ಹೋದರೆ ಹೋಯಿತು.

ಕಾಣದ ಜಗಳವನ್ನು ನಾವು ಪ್ರೀತಿ ಎಂದು ತಪ್ಪು ತಿಳಿಯುತ್ತೇವೆ. ಎರಡು ಡ್ರ್ಯಾಗನ್‌ಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಮಲಗಿರುವ ಫೋಟೊ ನೀವೂ ನೋಡಿರುತ್ತೀರಿ. ಕೆಳಗೆ ನೂರಾರು ಹೃದಯದ ಚಿಹ್ನೆಗಳು. ನಿಜವಾಗಿ ಅಲ್ಲಿ ನಡೆಯುತ್ತಿರುವುದು ಸೀಟಿನ ಜಗಳ. ಮೇಲಿನದು ಬೆಳಕನ್ನೂ ಬಿಸಿಯನ್ನೂ ತಾನೇ ತೆಗೆದುಕೊಂಡು ಕೆಳಗಿನದಕ್ಕೆ ನೆರಳು ಮಾಡಿದೆ. ರಕ್ತ ಬರುವುದಿಲ್ಲ, ಸದ್ದೂ ಇಲ್ಲ. ಆದರೆ ಕೆಲವು ತಿಂಗಳ ನಂತರ ಒಂದು ದಪ್ಪಗೆ ಬೆಳೆದಿರುತ್ತದೆ, ಇನ್ನೊಂದು ಸಣಕಲಾಗಿರುತ್ತದೆ. ಹಿತ್ತಲಿನ ಓತಿಕೇತ ತಲೆ ಆಡಿಸುವುದೂ ನಮಗೆ ನಮಸ್ಕಾರ ಹೇಳಲು ಅಲ್ಲ, ಇದು ನನ್ನ ಜಾಗ, ಆಚೆ ಹೋಗು ಎನ್ನಲು. ಡ್ರ್ಯಾಗನ್‌ಗಳ ಭಾಷೆಯೂ ಅದೇ. ತಲೆ ಆಡಿಸಿದ್ದಕ್ಕೆ ಚಿಕ್ಕದು ಒಂದು ಕೈ ಎತ್ತಿ ನಿಧಾನವಾಗಿ ಬೀಸುತ್ತದೆ. ನಮಗದು ಟಾಟಾ ಮಾಡಿದಂತೆ ಕಾಣುತ್ತದೆ. ಅದು ಸೋತೆ ಎನ್ನುವ ಸನ್ನೆ. ಬಯಲಿನಲ್ಲಾದರೆ ಸೋತದ್ದು ಓಡಿಹೋಗುತ್ತದೆ. ಪೆಟ್ಟಿಗೆಯಲ್ಲಿ ದಿನವಿಡೀ ಸೋಲುತ್ತಲೇ ಇರಬೇಕು.

ಹಾಗಾದರೆ ಒಂಟಿಯಾಗಿ ಬಿಟ್ಟರೆ ಅದಕ್ಕೆ ಬೇಜಾರಾಗುವುದಿಲ್ಲವೇ? ಈ ಪ್ರಶ್ನೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ನಾವು ಜನರ ನಡುವೆ ಬೆಳೆದವರು. ಒಬ್ಬರೇ ಇರುವುದು ನಮಗೆ ಶಿಕ್ಷೆ. ಆದರೆ ಬಿಯರ್ಡೆಡ್ ಡ್ರ್ಯಾಗನ್, ಕ್ರೆಸ್ಟೆಡ್ ಗೆಕ್ಕೊ ಇವೆಲ್ಲ ಒಂಟಿಯಾಗಿ ಇರಲೆಂದೇ ರೂಪುಗೊಂಡ ಜೀವಗಳು. ಜೊತೆ ಬೇಕೆನ್ನುವುದು ನಮ್ಮ ಆಸೆ, ಅವುಗಳದಲ್ಲ.

ಮೂರನೆಯದು ರೋಗ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಒಂದು ಜಾತಿಯ ಪ್ರಾಣಿ ಯಾವುದೋ ರೋಗಾಣುವಿನ ಜೊತೆ ಸಾವಿರಾರು ವರ್ಷ ಬಾಳಿ ಅದಕ್ಕೆ ಹೊಂದಿಕೊಂಡಿರುತ್ತದೆ. ಅದೇ ರೋಗಾಣು ಬೇರೆ ಜಾತಿಗೆ ತಗುಲಿದರೆ ಸಾವು. ಎಂಟಮೀಬಾ ಇನ್ವೇಡೆನ್ಸ್ ಎಂಬ ಏಕಕೋಶ ಜೀವಿ ಅನೇಕ ಆಮೆಗಳ ಕರುಳಿನಲ್ಲಿ ತೊಂದರೆ ಕೊಡದೆ ಇರುತ್ತದೆ. ಆಮೆ ಚೆನ್ನಾಗಿಯೇ ತಿಂದುಂಡುಕೊಂಡಿರುತ್ತದೆ. ಅದರ ಹಿಕ್ಕೆಯ ಮೂಲಕ ಹಾವಿಗೋ ಹಲ್ಲಿಗೋ ದಾಟಿದರೆ ಕರುಳು ಕೊಳೆತು ಸಾಯುತ್ತದೆ. ಇನ್ನು ಆಮೆ ಆಮೆಗಳನ್ನೇ ಒಟ್ಟಿಗೆ ಇಡೋಣವೆಂದರೆ ಅಲ್ಲೂ ಅಪಾಯವಿದೆ. ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿರುವ ಸ್ಪರ್-ಥೈಡ್ ಆಮೆ ಒಂದು ಬಗೆಯ ಹರ್ಪಿಸ್ ವೈರಸ್ಸನ್ನು ಮೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಆರೋಗ್ಯವಾಗಿ ಕಾಣಬಲ್ಲದು. ಅದೇ ವೈರಸ್ಸು ಹರ್ಮನ್ ಆಮೆಗೆ ತಗುಲಿದರೆ ಬಾಯಲ್ಲಿ ಹುಣ್ಣಾಗಿ ಊಟ ಬಿಟ್ಟು, ಬಹಳ ಸಲ ಸತ್ತೇ ಹೋಗುತ್ತದೆ. ನೋಡಲು ಎರಡೂ ಒಂದೇ ಥರ. ಅಂಗಡಿಯಲ್ಲಿ ಕಂಡರೆ ಅಣ್ಣತಮ್ಮ ಅನ್ನುತ್ತೀರಿ.

ಈ ರೋಗದ ಮಾತು ನಿಮ್ಮ ಕೋಣೆಯೊಳಗೇ ಮುಗಿಯುವುದಿಲ್ಲ. ಸಾಲಮಾಂಡರ್ ಎಂಬ ಪ್ರಾಣಿ ನಮ್ಮ ಕರ್ನಾಟಕದಲ್ಲಿಲ್ಲ. ನೋಡಲು ಹಲ್ಲಿಯಂತಿದ್ದರೂ ಅದು ಕಪ್ಪೆಯ ಬಳಗದ್ದು. ಯೂರೋಪಿನ ಕಾಡುಗಳಲ್ಲಿ ಕಪ್ಪು ಮೈಮೇಲೆ ಹಳದಿ ಮಚ್ಚೆಯ ಫೈರ್ ಸಾಲಮಾಂಡರ್ ಸಿಗುತ್ತದೆ. 2010ರಿಂದ ಮುಂದಿನ ಮೂರೇ ವರ್ಷಗಳಲ್ಲಿ ನೆದರ್ಲೆಂಡ್ಸ್‌ನಲ್ಲಿ ಇವು ಶೇಕಡಾ 90ಕ್ಕಿಂತ ಹೆಚ್ಚು ನಾಶವಾದವು. ಚರ್ಮವನ್ನು ತಿನ್ನುವ ಒಂದು ಶಿಲೀಂಧ್ರ ಇದಕ್ಕೆ ಕಾರಣವೆಂದು 2013ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದರ ಮೂಲ ಏಷ್ಯಾ. ಅಲ್ಲಿನ ಕೆಲವು ನ್ಯೂಟ್‌ಗಳು ಅದನ್ನು ಹೊತ್ತುಕೊಂಡೂ ಬದುಕಬಲ್ಲವು. ಸಾಕುಪ್ರಾಣಿಗಳ ವ್ಯಾಪಾರದ ಜೊತೆ ಅದು ಯೂರೋಪಿಗೆ ಬಂದಿತು ಎಂಬುದು ವಿಜ್ಞಾನಿಗಳ ತೀರ್ಮಾನ. ಬ್ರಿಟನ್ನಿನಲ್ಲಿ ಸಾಕಿದ ಪ್ರಾಣಿಗಳಲ್ಲೂ ಅದು ಕಂಡುಬಂದಿದೆ. ಯಾರೋ ಒಬ್ಬರ ಪೆಟ್ಟಿಗೆಯಲ್ಲಿ ಎರಡು ದೇಶದ ಪ್ರಾಣಿಗಳು ಭೇಟಿಯಾದರೆ, ಆ ಪೆಟ್ಟಿಗೆಯ ನೀರು ತೋಟಕ್ಕೆ ಹೋದರೆ, ನಿಮ್ಮ ಬೀದಿಯ ಕೊಳದಲ್ಲಿರುವ ನ್ಯೂಟ್‌ಗಳ ಗತಿ ಏನು ಎಂದು ಯೋಚಿಸಿ.

ಇನ್ನು ವಿಷ. ಹೊಟ್ಟೆಯ ಮೇಲೆ ಕೆಂಪು, ಕಿತ್ತಳೆ ಬಣ್ಣವಿರುವ ಫೈರ್-ಬೆಲ್ಲೀಡ್ ಕಪ್ಪೆಗಳು ಅಗ್ಗಕ್ಕೆ ಸಿಗುತ್ತವೆ, ಸಾಕಲೂ ಸುಲಭ. ಆ ಬಣ್ಣವೇ ಒಂದು ಎಚ್ಚರಿಕೆಯ ಫಲಕ. ಗಾಬರಿಯಾದಾಗ ಅವುಗಳ ಚರ್ಮದಿಂದ ವಿಷ ಒಸರುತ್ತದೆ. ಕಾಡಿನ ಕೊಳದಲ್ಲಿ ಆ ವಿಷ ತೆಳುವಾಗಿ ಹೋಗುತ್ತದೆ. ಪೆಟ್ಟಿಗೆಯ ಪುಟ್ಟ ತಟ್ಟೆಯ ನೀರಿನಲ್ಲಿ ಅದು ಉಳಿದುಕೊಳ್ಳುತ್ತದೆ. ಕಪ್ಪೆಗಳು ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತವೆ. ಅದೇ ತಟ್ಟೆಯಲ್ಲಿ ಕೂತ ಹಸಿರು ಮರಗಪ್ಪೆ ವಿಷವನ್ನೂ ಸೇರಿಸಿ ಹೀರುತ್ತದೆ.

ಬಣ್ಣಬಣ್ಣದ ಡಾರ್ಟ್ ಕಪ್ಪೆಗಳ ಕಥೆ ಬೇರೆ. ಅವುಗಳ ವಿಷ ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ ಬರುವಂಥದ್ದು. ಮನೆಯಲ್ಲಿ ಹುಟ್ಟಿ ಹಣ್ಣಿನ ನೊಣ ತಿಂದು ಬೆಳೆದವಕ್ಕೆ ಆ ವಿಷವಿಲ್ಲ. ಅಲ್ಲಿರುವ ತೊಂದರೆ ಬೆರಕೆ. ನೀಲಿಯದೊಂದು, ಹಳದಿಯದೊಂದು ಎಂದು ಎರಡು ಹತ್ತಿರದ ಜಾತಿಗಳನ್ನು ಒಟ್ಟಿಗೆ ಬಿಟ್ಟರೆ ಅವು ಕೂಡಿ ಮಿಶ್ರ ಮರಿ ಹುಟ್ಟಬಹುದು. ಅದು ಕೈಯಿಂದ ಕೈಗೆ ದಾಟಿ ಹೋದರೆ ಸಾಕಿದವರು ಎಷ್ಟೋ ವರ್ಷ ಜೋಪಾನ ಮಾಡಿದ ಶುದ್ಧ ತಳಿ ಕೆಡುತ್ತದೆ.

"ಆದರೆ ಮೃಗಾಲಯದಲ್ಲಿ ಒಂದೇ ಗಾಜಿನ ಹಿಂದೆ ಮೂರು ಜಾತಿ ಇಟ್ಟಿರುತ್ತಾರಲ್ಲ?" ಎಂದು ನೀವು ಕೇಳಬಹುದು. ಹೌದು, ಇಡುತ್ತಾರೆ. ಲಂಡನ್ ಮೃಗಾಲಯ ಜಗತ್ತಿನ ಮೊದಲ ಸರೀಸೃಪ ಮನೆಯನ್ನು 1849ರಲ್ಲಿ ತೆರೆಯಿತು. ಇಂಥ ಕಡೆ ತಲೆಮಾರುಗಳ ಅನುಭವವಿದೆ. ಒಂದೇ ಹವೆಯ, ಒಂದೇ ಸೀಮೆಯ ಪ್ರಾಣಿಗಳನ್ನು ಆರಿಸುತ್ತಾರೆ. ಒಂದು ನೆಲದ ಮೇಲೆ, ಇನ್ನೊಂದು ಮರದ ತುದಿಯಲ್ಲಿ ಬದುಕುವಂತೆ ಎತ್ತರದ ಆವರಣ ಕಟ್ಟುತ್ತಾರೆ. ಮೊದಲು ತಿಂಗಳುಗಟ್ಟಲೆ ಬೇರೆ ಇಟ್ಟು ಪರೀಕ್ಷೆ ಮಾಡಿಸುತ್ತಾರೆ. ವೈದ್ಯರು ಅಲ್ಲೇ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಂದಾಣಿಕೆ ಆಗದಿದ್ದರೆ ಪ್ರಾಣಿಯನ್ನು ಆ ದಿನವೇ ಸಾಗಿಸಲು ಹಿಂದೆ ಇನ್ನೊಂದು ಖಾಲಿ ಆವರಣ ಸಿದ್ಧವಿರುತ್ತದೆ. ಅಂದರೆ ಎರಡು ಪ್ರಾಣಿಯನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದಕ್ಕೂ ಎರಡು ಪೆಟ್ಟಿಗೆ ಬೇಕು! ಜಾಗ ಉಳಿಸಲು ಮಾಡುವ ಕೆಲಸ ಇದಲ್ಲ.

ಹಾಗಾದರೆ ಒಂದೇ ಪೆಟ್ಟಿಗೆಯಲ್ಲಿ ಹಲವು ಜೀವಗಳನ್ನು ನೋಡುವ ಆಸೆಯನ್ನೇ ಬಿಡಬೇಕೇ? ಬೇಡ. ಅದಕ್ಕೊಂದು ಒಳ್ಳೆಯ ದಾರಿ ಇದೆ, ಬಯೊಆಕ್ಟಿವ್ ವೈವೇರಿಯಂ. ತಳದಲ್ಲಿ ನೀರು ಬಸಿಯುವ ಪದರ, ಅದರ ಮೇಲೆ ಮಣ್ಣು, ಒಣಗಿದ ಎಲೆ. ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಚುಕ್ಕಿಯಷ್ಟು ಹುಳುಗಳು, ಕಲ್ಲೆತ್ತಿದರೆ ಓಡುವ ವುಡ್‌ಲೌಸ್ ಜಾತಿಯ ಪುಟ್ಟ ಬಿಳಿ ಹುಳುಗಳು. ಇವು ಪ್ರಾಣಿಯ ಹಿಕ್ಕೆಯನ್ನೂ ಬೂಷ್ಟನ್ನೂ ತಿಂದು ಮಣ್ಣಿಗೆ ಗೊಬ್ಬರ ಮಾಡುತ್ತವೆ. ಆ ಗೊಬ್ಬರದಿಂದ ಗಿಡ ಬೆಳೆಯುತ್ತದೆ. ಗಿಡ ಗೆಕ್ಕೊಗೆ ತೇವವನ್ನೂ ಅಡಗಲು ಜಾಗವನ್ನೂ ಕೊಡುತ್ತದೆ. ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬಾಟಲಿಯಲ್ಲಿಟ್ಟಿರುವ ಮನಿ ಪ್ಲಾಂಟ್ ಕೂಡ ಗೆಕ್ಕೊ ಪೆಟ್ಟಿಗೆಯಲ್ಲಿ ಸೊಗಸಾಗಿ ಹಬ್ಬುತ್ತದೆ. ಒಂದು ಬೆನ್ನೆಲುಬಿನ ಪ್ರಾಣಿ, ಸಾವಿರ ಸಣ್ಣ ಜೀವ, ನಾಲ್ಕು ಗಿಡ: ಇದು ನಿಜವಾಗಿ ಒಟ್ಟಿಗೆ ಬಾಳುವ ಪೆಟ್ಟಿಗೆ. ರಾತ್ರಿ ಟಾರ್ಚ್ ಹಿಡಿದು ನೋಡಿ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಇದನ್ನು ಓದುತ್ತಿರುವ ಯಾರಾದರೂ ಈಗಾಗಲೇ ಎರಡು ಜಾತಿಯನ್ನು ಒಟ್ಟಿಗೆ ಇಟ್ಟಿದ್ದರೆ ಗಾಬರಿ ಬೇಡ, ತಡವೂ ಬೇಡ. ಇವತ್ತೇ ಬೇರೆ ಮಾಡಿ. ಸದ್ಯಕ್ಕೆ ಗಾಳಿಯಾಡಲು ತೂತು ಕೊರೆದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೂ ಆದೀತು. ಅಡಗಲು ಜಾಗ, ನೀರು, ಆ ಜಾತಿಗೆ ತಕ್ಕ ಬಿಸಿ ಇರಬೇಕು. ಬಿಸಿ ಮಾಡುವ ಯಾವ ಸಾಧನಕ್ಕೂ ಥರ್ಮೋಸ್ಟಾಟ್ ಕಡ್ಡಾಯ. ಅಡುಗೆಯ ತಕ್ಕಡಿಯಂಥದ್ದೊಂದನ್ನು ಅವಕ್ಕೆಂದೇ ಬೇರೆ ಇಟ್ಟು ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ಇಳಿಯುವುದು, ಬೆಳಿಗ್ಗೆಯೂ ಮೂಲೆಯಲ್ಲೇ ಕೂರುವುದು, ಮೈಬಣ್ಣ ಕಪ್ಪಾಗುವುದು, ಗಾಜನ್ನು ಪರಚುತ್ತಲೇ ಇರುವುದು ಒಳ್ಳೆಯ ಲಕ್ಷಣಗಳಲ್ಲ. ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಎರಡರ ಹಿಕ್ಕೆಯನ್ನೂ ಪರೀಕ್ಷೆ ಮಾಡಿಸಿ. ಇನ್ನು ಮುಂದೆ ಯಾವ ಹೊಸ ಪ್ರಾಣಿ ಬಂದರೂ 90 ದಿನ ಬೇರೆ ಕೋಣೆಯಲ್ಲಿರಲಿ. ಹಳೆಯದರ ಕೆಲಸ ಮೊದಲು, ಹೊಸದರದು ಕೊನೆಗೆ. ಇಕ್ಕಳ, ತಟ್ಟೆ ಎಲ್ಲ ಬೇರೆ ಬೇರೆ. ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ನಮಗೂ ಬರುತ್ತದೆ.

ಎರಡನ್ನೂ ನೋಡಿಕೊಳ್ಳಲು ಆಗದಿದ್ದರೆ ಒಂದಕ್ಕೆ ಒಳ್ಳೆಯ ಮನೆ ಹುಡುಕಿ. ಪಾರ್ಕಿಗೋ ಕೊಳಕ್ಕೋ ಬಿಡುವ ಯೋಚನೆ ಮಾತ್ರ ಬೇಡ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಹೊರನಾಡಿನ ಪ್ರಾಣಿಯನ್ನು ಬಯಲಿಗೆ ಬಿಡುವುದು ಅಪರಾಧ. ಬಿಟ್ಟರೆ ಮೊದಲ ಚಳಿಗಾಲದಲ್ಲೇ ಅದು ಸಾಯಬಹುದು. ಸಾಯದೆ ಉಳಿದರೆ ಇಲ್ಲಿನ ಜೀವಗಳಿಗೆ ಕಷ್ಟ.

ಕಾನೂನಿನ ಇನ್ನೊಂದು ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುಪ್ರಾಣಿಯ ಐದು ಅಗತ್ಯಗಳನ್ನು ಹೇಳುತ್ತದೆ. ತಕ್ಕ ವಾಸ, ತಕ್ಕ ಆಹಾರ, ಸಹಜವಾಗಿ ನಡೆದುಕೊಳ್ಳುವ ಅವಕಾಶ, ನೋವು ಮತ್ತು ರೋಗದಿಂದ ರಕ್ಷಣೆ. ಉಳಿದ ಒಂದು ನಮ್ಮ ಇವತ್ತಿನ ವಿಷಯವೇ: ಬೇರೆ ಪ್ರಾಣಿಗಳ ಜೊತೆಗೆ ಇರಬೇಕಾದದ್ದನ್ನು ಜೊತೆಗೆ, ದೂರ ಇರಬೇಕಾದದ್ದನ್ನು ದೂರ ಇಡುವುದು. 16 ತುಂಬದವರಿಗೆ ಪ್ರಾಣಿಯನ್ನು ಮಾರುವಂತಿಲ್ಲ. ಅವರ ಪ್ರಾಣಿಗೆ ಕಾನೂನಿನ ಕಣ್ಣಲ್ಲಿ ಹೊಣೆಗಾರರು ತಂದೆತಾಯಿ. ಅಂದರೆ ನೀವು ಗುಟ್ಟಾಗಿ ಪೆಟ್ಟಿಗೆಗೆ ಸೇರಿಸಿದ ಗೆಕ್ಕೊಗೆ ಉತ್ತರ ಕೊಡಬೇಕಾದವರು ಅಮ್ಮ. ಬೇರೆ ದೇಶದಲ್ಲಿರುವವರು ಅಲ್ಲಿನ ನಿಯಮ ನೋಡಿಕೊಳ್ಳಿ. ಆಸ್ಟ್ರೇಲಿಯಾದಲ್ಲಂತೂ ಹೊರದೇಶದ ಸರೀಸೃಪಗಳನ್ನು ಮನೆಯಲ್ಲಿ ಸಾಕಲು ಬಿಡುವುದೇ ಇಲ್ಲ.

ಹಾಗಾಗಿ ಆ ಗೆಕ್ಕೊ ಬೇಕೇ ಬೇಕು ಅನಿಸಿದರೆ ಅಮ್ಮನ ಷರತ್ತನ್ನು ಸುತ್ತಿ ಬಳಸಬೇಡಿ, ಎದುರು ಕೂತು ಮಾತಾಡಿ. ಎರಡನೆಯ ಪೆಟ್ಟಿಗೆಗೆ ಎಷ್ಟು ಖರ್ಚು, ತಿಂಗಳಿಗೆ ಎಷ್ಟು ಕರೆಂಟು, ಯಾವ ವೈದ್ಯರು ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಕ್ರೆಸ್ಟೆಡ್ ಗೆಕ್ಕೊ 15ರಿಂದ 20 ವರ್ಷ ಬದುಕುತ್ತದೆ. ನೀವು ಯೂನಿವರ್ಸಿಟಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಬರೆಯಿರಿ. ಬಹುಶಃ ಆ ಸಾಲಿನಲ್ಲಿ ಅಮ್ಮನ ಹೆಸರೇ ಇರುತ್ತದೆ. ಅಮ್ಮ ಬೇಡ ಅಂದರೆ ಈಗಿರುವ ಡ್ರ್ಯಾಗನ್‌ನ ಪೆಟ್ಟಿಗೆಯಲ್ಲಿ ಖಾಲಿ ಎಂದುಕೊಂಡಿದ್ದ ಅರ್ಧ ಭಾಗವನ್ನು ಇನ್ನೊಮ್ಮೆ ನೋಡಿ. ಮಧ್ಯಾಹ್ನ ಮೈ ಬಿಸಿಯಾದಾಗ ಅದು ಹೋಗಿ ಮಲಗುವುದು ಅಲ್ಲೇ. ಆ ಜಾಗ ಖಾಲಿ ಇರಲಿಲ್ಲ, ಅದರದೇ ಆಗಿತ್ತು.